ಚಿಕ್ಕಬೋರಯ್ಯನವರ ಸತ್ಯಾಗ್ರಹದ ಕತ್ತಿ

ಪುಟ್ಟರಂಗಯ್ಯ ಕತ್ತಿ ಹುಡುಕಿಕೊಂಡು ಕಾಡಿಗೆ ಹೋಗಿದ್ದಲ್ಲ, ಒಂದಕ್ಕೆ ಹೋಗಿದ್ದ. ಗುಬ್ಬಿ ಪಕ್ಕದ ತನ್ನೂರಿನ ಹಳ್ಳದಲ್ಲಿ, ಬಂಡೆಗಳ ಹಿಂದೆ ನಿಂತಿದ್ದವನಿಗೆ ಸಂದಿಯಲ್ಲಿ ತುಕ್ಕು ಹಿಡಿದ ಕಬ್ಬಿಣ ಕಂಡಿತು. ಎಳೆದರೆ ಮೊಳದುದ್ದದ, ತುದಿ ಬಾಗಿದ ಕತ್ತಿ. ಮರದ ಹಿಡಿ ಗೆದ್ದಲಿನ ಪಾಲಾಗಿತ್ತು. ಬೇರೆ ಯಾರಾಗಿದ್ದರೂ ಗುಜರಿಗೆ ಹಾಕಿ ಟೀ ಕುಡಿಯುತ್ತಿದ್ದರು. ಪುಟ್ಟರಂಗಯ್ಯನಿಗೆ ಮಾತ್ರ ಮೈ ಜುಮ್ಮೆಂದಿತು. ಇದು ತಾತನ ಕತ್ತಿಯೇ ಎಂದು ಪ್ಯಾಂಟಿನ ಜಿಪ್ಪು ಎಳೆದುಕೊಳ್ಳುವ ಮೊದಲೇ ತೀರ್ಮಾನಿಸಿಬಿಟ್ಟ.

ತಾತ ಅಂದರೆ ಚಿಕ್ಕಬೋರಯ್ಯ. ಸ್ವಾತಂತ್ರ್ಯ ಚಳವಳಿಯಲ್ಲಿ ಹೆಂಡದ ಕಂಟ್ರಾಕ್ಟುದಾರನ ನೂರು ಈಚಲು ಮರ ಕಡಿದುರುಳಿಸಿ ಜೈಲು ಕಂಡ ಮಹಾನುಭಾವ. ಟೋಪಿ ಹಾಕಿದ ಆತನ ಫೋಟೋ ತುಮಕೂರಿನ ಸದಾಶಿವನಗರದ ಮನೆಯಲ್ಲಿ ಟಿವಿಗಿಂತ ಮೇಲಿದೆ. ಆ ಫೋಟೋದ ಮರ್ಯಾದೆಗಾಗಿ ಈ ಐವತ್ತೆಂಟರ ಗುಮಾಸ್ತ ಜೀವಮಾನದಲ್ಲಿ ಒಂದು ತೊಟ್ಟೂ ಮುಟ್ಟಿರಲಿಲ್ಲ. ಬೀಗರೂಟಗಳಲ್ಲಿ ಗಂಡಸರೆಲ್ಲ ಮನೆ ಹಿಂದಕ್ಕೆ ಹೋಗಿ ಬಾಯಿ ಒರೆಸಿಕೊಂಡು ಬರುವಾಗ ಇವನೊಬ್ಬ ಪೆದ್ದನ ಹಾಗೆ ಮಜ್ಜಿಗೆ ಲೋಟ ಹಿಡಿದು ಕೂತಿರುತ್ತಿದ್ದ. ಸಾಲದ್ದಕ್ಕೆ ಪ್ರಾಯದಲ್ಲಿ, ಒಂದು ಗಾಂಧಿ ಜಯಂತಿಯಂದು, ಇದೇ ಹಳ್ಳದಲ್ಲಿ ಉಳಿದಿದ್ದ ಎರಡು ಈಚಲು ಮರಗಳನ್ನು ತಾತನಿಗೆ ಜೈ ಎಂದು ಕಡಿದು, ಅವುಗಳ ಮೇಲೆ ಕಾಲಿಟ್ಟು ಫೋಟೋ ತೆಗೆಸಿಕೊಂಡಿದ್ದ.

ಈಗ ಊರಿಗೆ ಹೊಸ ಬಸ್ ತಂಗುದಾಣ ಬಂದಿತ್ತು. ಅದಕ್ಕೆ ತಾತನ ಹೆಸರಿಡಿಸಿಯೇ ತಾನು ರಿಟೈರ್ ಆಗುವುದೆಂದು ಪುಟ್ಟರಂಗಯ್ಯ ಎರಡು ವರ್ಷದಿಂದ ಪಂಚಾಯ್ತಿಗೆ ಅಲೆಯುತ್ತಿದ್ದ. ಅದೊಂದೇ ಅವನ ಆಸೆ. ಆದರೆ ಎಲ್ಲಿಂದಲೋ ವರ್ಗವಾಗಿ ಬಂದ ಸೆಕ್ರೆಟರಿ, ಚಿಕ್ಕಬೋರಯ್ಯ ಹೋರಾಡಿದ್ದಕ್ಕೆ ದಾಖಲೆ ಏನಿದೆ ಎಂದು ಕೇಳಿ ಕೂತಿದ್ದ. ಇಗೋ ದಾಖಲೆ!

ಆಯುಧಪೂಜೆಗೆ ಪುಟ್ಟರಂಗಯ್ಯ ಕತ್ತಿಗೆ ವಿಭೂತಿ ಬಳಿದು, ಚೆಂಡುಹೂ ಮುಡಿಸಿ, ಸ್ಕೂಟರಿಗಿಂತ ಮೊದಲು ಅದಕ್ಕೇ ಬೂದುಗುಂಬಳ ಒಡೆದ. ಹೆಂಡತಿ ಹನುಮಂತಮ್ಮ ಆರತಿ ತಟ್ಟೆ ಹಿಡಿದು ಕತ್ತಿಯನ್ನೇ ನೋಡಿದಳು.

"ಮರ ಕಡಿಯೋ ಕತ್ತಿ ಇಷ್ಟು ತೆಳ್ಳಗಿರ್ತದೇನ್ರೀ? ಇದ್ರಲ್ಲಿ ಸೊಪ್ಪು ಹೆಚ್ಬೋದು ಅಷ್ಟೆ."

ಅವತ್ತು ಅವಳ ಜೊತೆ ಮಾತು ಬಿಟ್ಟ. ಆದರೆ ಆ ಮಾತು ತಲೆಯಲ್ಲಿ ಕೊರೆಯತೊಡಗಿತು. ಗುಬ್ಬಿಯ ಕುಲುಮೆಗೆ ಒಯ್ದು ತೋರಿಸಿದ. ಕತ್ತಿಯ ಬುಡದಲ್ಲಿ ಅರ್ಧಚಂದ್ರದ ಗುರುತು ಕಂಡ ಕಮ್ಮಾರ, ಇದು ನಮ್ಮ ಕಡೆಯದಲ್ಲ, ಕುಣಿಗಲ್ ಸೀಮೆಯಲ್ಲಿ ಮಾರ್ಕೋನಹಳ್ಳಿ ಹತ್ತಿರ ಒಂದು ಹಳೇ ಕುಲುಮೆಯಿತ್ತು, ಅವರ ಕೆಲಸ ಎಂದ. ಮಾರನೆಯ ದಿನ ರಜೆ ಹಾಕಿ ಬಸ್ ಹತ್ತಿದ.

ಆ ಕುಲುಮೆ ಆರಿ ನಲವತ್ತು ವರ್ಷವಾಗಿತ್ತು. ಕಮ್ಮಾರನ ಮಗಳು ಕಲ್ಲಮ್ಮ, ತೊಂಬತ್ತು ದಾಟಿದ ಮುದುಕಿ, ಜಗಲಿಯ ಮೇಲೆ ಕೂತಿದ್ದಳು. ಕತ್ತಿಯ ಬಾಯಿಗೆ ಹೆಬ್ಬೆರಳು ಸವರಿ ಬೊಚ್ಚುಬಾಯಲ್ಲಿ ನಕ್ಕಳು.

"ಇದು ಮರ ಕಡಿಯೋದಲ್ಲ ಕಣಪ್ಪ, ಹೆಂಡ ಇಳಿಸೋ ಕತ್ತಿ. ನಮ್ಮಪ್ಪ ತಟ್ಟಿದ್ದು."

ಯಾರಿಗೆ ತಟ್ಟಿದ್ದು ಎಂದು ಪುಟ್ಟರಂಗಯ್ಯ ಕೇಳಿದ. ಯಾರೋ ಕುಡುಕನ ಹೆಸರು ಬರಲಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಂಡ.

"ಗುಬ್ಬಿ ಕಡೆ ಚಿಕ್ಕಬೋರಯ್ಯ ಅಂತ. ಬಿಳೀ ಟೋಪಿ ಇಟ್ಕೊಂಡು ಬರೋನು. ಸಾಣೆ ಹಿಡಿಸ್ಕೊಂಡು, ಒಂದು ಸೋರೆಬುರುಡೆ ಹೆಂಡ ಇಟ್ಟು ಹೋಗೋನು. ಅಂಥ ರುಚಿ ಈ ಸೀಮೇಲೇ ಇಲ್ಲ ಅಂತಿದ್ದ ನಮ್ಮಪ್ಪ, ಸಾಯೋವರ್ಗೂ."

ವಾಪಸ್ ಬರುವಾಗ ಪುಟ್ಟರಂಗಯ್ಯನಿಗೆ ಅಳುವೂ ಬಂತು, ಸಿಟ್ಟೂ ಬಂತು. ಕುಡಿದವನು ತಾತ, ಮಜ್ಜಿಗೆ ಹೀರಿದವನು ತಾನು. ಸುಮ್ಮನಿದ್ದುಬಿಡಬಹುದಿತ್ತು, ಆ ಸೆಕ್ರೆಟರಿಗೆ ಕತ್ತಿಗೂ ಕುಡುಗೋಲಿಗೂ ವ್ಯತ್ಯಾಸ ಗೊತ್ತಿರಲಿಲ್ಲ. ಆದರೆ ಫೋಟೋದ ಕೆಳಗೆ ಬೆಳೆದವನಿಗೆ ಸುಳ್ಳು ಹೇಳುವ ಅಭ್ಯಾಸವೇ ಆಗಿರಲಿಲ್ಲ. ಸೋಮವಾರದ ಪಂಚಾಯ್ತಿ ಸಭೆಯಲ್ಲಿ ಪೇಪರ್ ಬಿಚ್ಚಿ ಕತ್ತಿಯನ್ನು ಮೇಜಿನ ಮೇಲಿಟ್ಟ. ಎಲ್ಲವನ್ನೂ ಒದರಿ, ತನ್ನ ಅರ್ಜಿ ವಾಪಸ್ ಕೊಡಿ ಎಂದ.

ಊರಿಗೇ ಹಿರಿಯ ಕರಿಸಿದ್ದಪ್ಪ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಅವನ ಹಿಂದೆ ಇಡೀ ಸಭೆ ನಕ್ಕಿತು.

"ಏನ್ಲಾ ರಂಗ, ಇದನ್ನ ತಿಳ್ಕೊಳಾಕೆ ಕುಣಿಗಲ್‌ಗೋಗಿದ್ದಾ? ಆ ಕಂಟ್ರಾಕ್ಟುದಾರ ಕಾಸು ಕಿತ್ಕೊಂಡು ಕುಡಿಸೋನು. ನಿಮ್ ತಾತ ಅವನ ನೂರು ಮರ ಕಡಿದು ಜೈಲಿಗೋದ. ಬಂದ್ಮೇಲೆ ಹಳ್ಳದಲ್ಲಿ ಎರಡು ಮರ ಇಟ್ಕೊಂಡು ಊರಿಗೆಲ್ಲ ಪುಕ್ಕಟೆ ಕುಡಿಸ್ದ. ಅದಕ್ಕೇ ಕಣ್ಲಾ ಅವನ ಹೆಸರಿಡ್ತಿರೋದು."

ಮತ್ತೆ ಇಷ್ಟು ವರ್ಷ ಯಾಕೆ ಯಾರೂ ಹೇಳಲಿಲ್ಲ? ಅಜ್ಜಿ ತಿಪ್ಪಮ್ಮ ಮೊಮ್ಮಗ ಹಾಳಾಗಬಾರದೆಂದು ಊರಿನವರಿಂದೆಲ್ಲ ದೀಪ ಮುಟ್ಟಿಸಿ ಆಣೆ ಹಾಕಿಸಿದ್ದಳಂತೆ. ಸೆಕ್ರೆಟರಿ ಬಾಯಿ ಬಿಡುವುದರೊಳಗೆ ಎಲ್ಲರೂ ಕೈಯೆತ್ತಿದರು. ತಂಗುದಾಣಕ್ಕೆ ತಾತನ ಹೆಸರು ಪಾಸಾಯಿತು.

ಪುಟ್ಟರಂಗಯ್ಯ ಕತ್ತಿಯನ್ನೇ ನೋಡುತ್ತ ನಿಂತ. ಐವತ್ತೆಂಟು ವರ್ಷದ ಬಾಯಾರಿಕೆ ಒಮ್ಮೆಗೇ ಗಂಟಲಿಗೆ ಬಂದಿತ್ತು. ಆ ಎರಡು ಮರ ಈಗಲೂ ಇವೆಯಾ ಎಂದು ಮೆಲ್ಲಗೆ ಕೇಳಿದ.

ಕರಿಸಿದ್ದಪ್ಪನ ನಗು ನಿಂತಿತು.

"ನಿಮ್ ತಾತ ಹೋದ್ಮೇಲೆ ನಾನೇ ಇಳಿಸ್ತಿದ್ದೆ. ಆ ಕತ್ತಿ ಬಂಡೆ ಸಂದಿಗೆ ಸಿಗಿಸಿಟ್ಟಿದ್ದೂ ನಾನೇ. ಗಾಂಧಿ ಜಯಂತಿ ದಿವ್ಸ ನೀನು ಆ ಮರಗಳ ಮೇಲೆ ಕಾಲಿಟ್ಟು ಫೋಟೋ ತೆಗೆಸ್ಕಂಡ್ಯಲ್ಲ, ಅವತ್ತು ಊರಲ್ಲಿ ಒಬ್ರೂ ಊಟ ಮಾಡ್ಲಿಲ್ಲ ಕಣೋ."