ಕುರುಡು ಮೂಲೆ

ನೆಲ ಬಿಟ್ಟ ಶವಪೆಟ್ಟಿಗೆಯನ್ನು ಪ್ರಯೋಗಾಲಯದ ನಿರ್ದೇಶಕರು ಮತ್ತೆ ಕೆಳಗಿಳಿಸಲು ಹೇಳಿದರು. ಮುಂದಿನ ಹಿಡಿ ಅವರ ಕೈಯಲ್ಲೇ ಇತ್ತು. "ಎರಡು ಮಾತು ಆಡಿಬಿಡ್ತೀನಿ."

ಸತ್ತ ವಿಜ್ಞಾನಿಯ ಶಿಷ್ಯೆಗೆ ಮೈ ಉರಿಯಿತು. ಈ ಮನುಷ್ಯನ ಎರಡು ಮಾತು ಯಾವತ್ತಾದರೂ ಎರಡಕ್ಕೆ ನಿಂತದ್ದುಂಟೆ?

"ಉದ್ದ, ಅಗಲ, ಎತ್ತರ ಬಿಟ್ಟು ಬೇರೆ ಆಯಾಮ ಇದೆಯಾ ಅಂತ ಇವರು ಜೀವಮಾನವಿಡೀ ಹುಡುಕಿದರು. ಪಾಪ, ಸಿಗಲಿಲ್ಲ. ಇವತ್ತು ತಾವೇ ಅಲ್ಲಿಗೆ ಹೋಗಿದ್ದಾರೆ."

ಯಾರೋ ಮೂಗು ಒರೆಸಿಕೊಂಡರು.

"ಏನಂತೆ ಇವನದು?" ಇನ್ನೊಂದು ಹಿಡಿ ಹಿಡಿದಿದ್ದ ಸತ್ತವಳ ತಮ್ಮ, ಬಸ್ ಡ್ರೈವರ್, ಪಿಸುಗುಟ್ಟಿದ. "ನಮ್ಮಕ್ಕ ಸೋತಳು ಅಂತಾನಾ?"

"ಸೋತಿಲ್ಲ ಅಣ್ಣ. ಇವರಿಗೆ ಸುಳ್ಳು ಹೇಳೋಕೆ ಬಿಡಲಿಲ್ಲ," ಅಂದಳು ಶಿಷ್ಯೆ.

*

ಅವಳು ಇಡೀ ಪ್ರಯೋಗಾಲಯಕ್ಕೇ ಅಕ್ಕ. ಪ್ರೋಟಾನುಗಳು ಡಿಕ್ಕಿ ಹೊಡೆದು ಚೂರುಗಳು ಒಂದು ಬದಿಗೆ ಚಿಮ್ಮಿದರೆ, ಎದುರು ಬದಿಗೂ ಸರಿದೂಗುವಷ್ಟು ಏನಾದರೂ ಹೋಗಬೇಕು. ಒಂದು ವರ್ಷ ಕೆಲವು ಡಿಕ್ಕಿಗಳಲ್ಲಿ ಎದುರು ಬದಿ ಖಾಲಿ ಕಂಡಿತು. ಕಾಣೆಯಾದ ಶಕ್ತಿ ಇನ್ನೊಂದು ಆಯಾಮಕ್ಕೆ ಜಾರಿಕೊಂಡಿದೆ ಎಂದು ಸಾರಲು ನಿರ್ದೇಶಕರು ಪತ್ರಿಕೆಯವರನ್ನು ಕರೆದೇಬಿಟ್ಟರು. ಅಕ್ಕ ಮಾತ್ರ ಆ ಖಾಲಿ ಜಾಗಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಳು. ಎಲ್ಲವೂ ಒಂದೇ ಮೂಲೆಗೆ ಬಂದು ಬಿದ್ದವು.

"ಪ್ರಕೃತಿಗೆ ನಮ್ಮ ಯಂತ್ರದ ಇದೊಂದೇ ಮೂಲೆ ಮೇಲೆ ಯಾಕ್ ಸಾರ್ ಅಷ್ಟು ಪ್ರೀತಿ? ಇಲ್ಲಿ ಯಂತ್ರ ಸತ್ತಿದೆ. ನಾವು ಕೆಲಸ ಮಾಡ್ತಿದೆ ಅಂದ್ಕೊಂಡು ಲೆಕ್ಕ ಹಾಕಿದೀವಿ."

"ನಾಳೆ ಒಂದಿನ ಬಾಯಿ ಮುಚ್ಕೊಂಡಿರಮ್ಮ."

"ಹಾಗಾದ್ರೆ ಪತ್ರಿಕೆಯವರ ಮುಂದೇನೇ ಕೇಳ್ತೀನಿ."

ಸಭೆ ರದ್ದಾಯಿತು. ಅಕ್ಕನ ಮೇಜು ನೆಲಮಾಳಿಗೆಗೆ, ಗುಂಯ್‌ಗುಡುವ ಪಂಪುಗಳ ಪಕ್ಕಕ್ಕೆ ಇಳಿಯಿತು. ಮತ್ತೆ ಮೇಲೆ ಬರಲಿಲ್ಲ.

*

"...ಒಮ್ಮೆ ಸುಳ್ಳು ಸುಳಿವು ಸಿಕ್ಕಿದಾಗ ನಾನೇ ಎಚ್ಚರ ವಹಿಸಿ ತಡೆದೆ..." ನಿರ್ದೇಶಕರ ಮಾತು ಇನ್ನೂ ನಡೆದಿತ್ತು.

"ತಡೆದಿದ್ದು ಅಕ್ಕ!" ಶಿಷ್ಯೆಯ ದನಿ ಅಂಗಳ ದಾಟಿತು. "ಅದಕ್ಕೇ ನೀವು ಅವರನ್ನ ನೆಲಮಾಳಿಗೆಗೆ ತಳ್ಳಿದಿರಿ."

ನಿರ್ದೇಶಕರು ನಗುಮುಖ ಕೆಡಿಸಿಕೊಳ್ಳದೆ ಹತ್ತಿರ ಬಂದರು. "ನಿನ್ನ ಕೆಲಸ ಮುಂದುವರಿಸೋದು ನನ್ನ ಕೈಲಿದೆ. ನೆನಪಿದೆಯಾ?"

ಅವಳು ಎಲ್ಲರಿಗೂ ಕೇಳುವಂತೆಯೇ ಅಂದಳು: "ಇದೆ ಸಾರ್. ಇಷ್ಟು ದೂರ ಹುಡುಕಿದೀವಿ, ಇಲ್ಲಿವರೆಗೆ ಆ ಆಯಾಮ ಇಲ್ಲ ಅಂತ ಜಗತ್ತಿಗೆ ಹೇಳಿದವರು ಅಕ್ಕ. ಅದಕ್ಕೆ ಪಾಪ ಅನ್ನಬೇಡಿ."

ನಿರ್ದೇಶಕರು ಬಗ್ಗಿ ಹಿಡಿಗೆ ಕೈ ಹಾಕಿದರು.

"ಬಿಡಿ ಸ್ವಾಮಿ, ಭಾರ ಇದೆ," ಅಂದ ಡ್ರೈವರ್. "ಬಾ ತಂಗಿ, ನೀನು ಹಿಡಿ."

ಗೇಟು ಕಿರಿದು. ಪೆಟ್ಟಿಗೆ ದಾಟುವಾಗ ನಿರ್ದೇಶಕರು ಗೋಡೆಗೆ ಬೆನ್ನು ಹಚ್ಚಿ, ಹೊಟ್ಟೆ ಒಳಕ್ಕೆಳೆದುಕೊಂಡು, ದಾರಿ ಬಿಟ್ಟು ನಿಂತರು.