ಮೂವತ್ತು ಪೌಂಡಿನ ತೋಳು

ಮರದ ಮೇಲೆ ಪೆನ್ಸಿಲ್ ಗುರುತು ಉಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಇಪ್ಪತ್ತೆರಡು ವರ್ಷದಿಂದ ಕುರ್ಚಿ ಮಾಡುವವಳು ನಾನು. ಗುರುತು ಅಳಿಸದೆ ಕಳಿಸಿದ ಕುರ್ಚಿ ಅಂದರೆ ಮುಖ ತೊಳೆಯದೆ ಮದುವೆಗೆ ಹೋದ ಹಾಗೆ. ಈ ಒಳ್ಳೆಯ ಅಭ್ಯಾಸವೇ ಅಕ್ಕ ಬಾಣ ಬಿಡುವ ಬಿಲ್ಲಿಗೆ ಮುಳುವಾಯಿತು.

ಅಕ್ಕನದು ಬಿಚ್ಚಿ ಜೋಡಿಸುವ ಬಿಲ್ಲು. ನಡುವೆ ಹಿಡಿ, ಮೇಲೊಂದು ತೋಳು, ಕೆಳಗೊಂದು ತೋಳು. ಬೋಲ್ಟು ಬಿಚ್ಚಿದರೆ ಮೂರೂ ಕೈಚೀಲದೊಳಗೆ. ಅವಳ ಬಿಲ್ಲುಗಾರರ ಬಳಗದವರು ಪೂರ್ತಿ ಮರದ ತೋಳು ಬಿಟ್ಟು ಬೇರೆ ಮುಟ್ಟುವುದಿಲ್ಲ. ಅವಳ ಹಳೆಯ ತೋಳುಗಳು ಮೂವತ್ತೆಂಟು ಪೌಂಡಿನವು, ಅಂದರೆ ಹೆದೆಯನ್ನು ಕೆನ್ನೆಯವರೆಗೆ ಎಳೆಯಲು ಅಷ್ಟು ಭಾರ ಎತ್ತುವ ಬಲ ಬೇಕು. ಬಲಭುಜಕ್ಕೆ ಆಪರೇಷನ್ ಆಗಿ ಒಂದೂವರೆ ವರ್ಷ. ಈಗ ಅವಳು ತಲೆ ಬಾಚುವುದೂ ಎಡಗೈಯಲ್ಲೇ. “ತೀರಾ ಹಗುರದ್ದರಿಂದ ಶುರು ಮಾಡಿ” ಎಂದಿದ್ದರು ಡಾಕ್ಟರು. ಅಕ್ಕನ ಕಿವಿಗೆ ಬಿದ್ದದ್ದು ‘ಶುರು ಮಾಡಿ’ ಮಾತ್ರ.

“ಮೂವತ್ತು ಪೌಂಡಿಂದು ಮಾಡ್ಕೊಡು,” ಎಂದಳು. “ಒಂದು ಕಡಿಮೆ ಆದ್ರೂ ನಂಗೆ ಬೇಡ. ಎಳೆಯೋಕೆ ಆಗ್ಲಿಲ್ಲ ಅಂದ್ರೆ ಬಿಲ್ಲನ್ನ ಯಾರಿಗಾದ್ರೂ ಕೊಟ್ಬಿಡ್ತೀನಿ, ಪೀಡೆ ಹೋಯ್ತು ಅಂತ.”

“ಅಲ್ಲ ಕಣೇ, ಡಾಕ್ಟ್ರು...”

“ಡಾಕ್ಟ್ರು ಬಿಲ್ಲು ಹಿಡಿದಿದಾರಾ? ನೀನು ಮಾಡ್ತೀಯೋ ಇಲ್ವೋ?”

ನಮ್ಮ ಮನೆಯಲ್ಲಿ ಎಲ್ಲರಿಗೂ ಕೋಪ ಮೂಗಿನ ತುದಿಯಲ್ಲೇ. ಮಾಡ್ತೀನಿ ಹೋಗು ಎಂದೆ. ಬಿಲ್ಲು ಕೈಬಿಟ್ಟರೆ ಅಕ್ಕ ಕಿಟಕಿ ಪಕ್ಕದ ಕುರ್ಚಿ ಬಿಟ್ಟು ಏಳುವುದಿಲ್ಲ ಎಂಬ ಹೆದರಿಕೆ ನನಗೆ. ಆ ಕುರ್ಚಿ ಮಾಡಿದವಳೂ ನಾನೇ. ದರಿದ್ರದ್ದು, ಅಷ್ಟು ಹಿತವಾಗಿದೆ.

ಹಿಪ್ಪುನೇರಳೆಯ ಒಂದೇ ಹಲಗೆ ಸೀಳಿ ಎರಡೂ ತೋಳು ತೆಗೆದೆ. ಗುರಿಯತ್ತ ಇರುವ ಬದಿ ತೋಳಿನ ಬೆನ್ನು, ಎಳೆಯುವವರತ್ತ ಇರುವುದು ಹೊಟ್ಟೆ; ಬೆನ್ನಿನ ಎಳೆ ಕಡಿಯದಂತೆ ಹೊಟ್ಟೆಯ ಕಡೆಯಿಂದಲೇ ಹತ್ತರಿ ಹೊಡೆದೆ. ಎರಡರ ದಪ್ಪಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ. ಹಿಡಿಗೆ ಬಿಗಿದು, ಗೋಡೆಯ ಗೂಟದ ಮೇಲೆ ಅಡ್ಡಲಾಗಿ ಕೂರಿಸಿ, ಹೆದೆಗೆ ಕೊಕ್ಕೆ ತಕ್ಕಡಿ ಸಿಕ್ಕಿಸಿ, ರಾಟೆಯ ಹಗ್ಗ ಎಳೆದೆ. ಬಾಗಿಲ ಕಡೆಯ ತೋಳು ಚೆನ್ನಾಗಿ ಬಾಗಿತು, ಕಿಟಕಿ ಕಡೆಯದು ಸೆಟೆದುಕೊಂಡು ನಿಂತಿತು. ಒಂದೇ ಹಲಗೆಯ ಒಡಹುಟ್ಟಿದವು, ಸ್ವಭಾವ ಮಾತ್ರ ಬೇರೆ ಬೇರೆ. ಸೆಟೆದದ್ದನ್ನು ಕೆರೆಯಬೇಕು, ಬಾಗಿದ್ದನ್ನು ಮುಟ್ಟಬಾರದು. ಈ ಕೆಲಸದ ಧರ್ಮ ಅಷ್ಟೇ. ತಕ್ಕಡಿ ಮೂವತ್ತೈದು ತೋರಿಸುತ್ತಿತ್ತು. ಕೆರೆದರೆ ಸರಿಯಾಗಿ ಮೂವತ್ತಕ್ಕೆ ಇಳಿಯುತ್ತದೆ ಎಂದು ಲೆಕ್ಕ ಹಾಕಿ, ಸೆಟೆದ ತೋಳಿನ ಮೇಲೆ ಪೆನ್ಸಿಲಿನಲ್ಲಿ ‘ಇದು’ ಎಂದು ಬರೆದು ಮಲಗಿದೆ.

ಬೆಳಗ್ಗೆ ಎರಡೂ ತೋಳು ಬಿಚ್ಚಿ ಮೇಜಿನ ಮೇಲಿಟ್ಟೆ. ಪೆನ್ಸಿಲ್ ಗುರುತು ಕಂಡಿತು. ಕೈ ತಾನಾಗಿ ಉಪ್ಪುಕಾಗದ ಎತ್ತಿಕೊಂಡು ತಿಕ್ಕಿ ಹಾಕಿತು. ಅಷ್ಟರಲ್ಲಿ ಯಾರೋ ಕುರ್ಚಿ ಕೇಳಿಕೊಂಡು ಬಂದರು, ಮಾತಾಡಿ ಕಳಿಸಿದೆ. ಹಿಂದಿರುಗಿ ಬಂದು ಒಂದು ತೋಳನ್ನು ಧೈರ್ಯವಾಗಿ ಕೈಗೆತ್ತಿಕೊಂಡು ಎರಡು ಗಂಟೆ ಕೆರೆದೆ.

ಮತ್ತೆ ಗೋಡೆಗೇರಿಸಿ ಎಳೆದರೆ, ಕಿಟಕಿ ಕಡೆಯದು ಹಸಿ ಕಡ್ಡಿಯಂತೆ ಬಳುಕಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಮರಕ್ಕೆ ಬೈದೆ, ಒಣಗಿಸಿದವನಿಗೆ ಬೈದೆ, ಹವೆಗೂ ಬೈದೆ. ಆ ಹೊತ್ತಿಗೆ ಬೆಳಗಿನ ಬಸ್ಸು ಓಡಿಸಿ ಮುಗಿಸಿ ಭಾವ ಬಂದರು. ಹಿಂದಿನ ಸಂಜೆಯೂ ಇಣುಕಿ ನೋಡಿ ಹೋಗಿದ್ದರು. ದಿನವಿಡೀ ಕನ್ನಡಿಯಲ್ಲಿ ಎಡ ಬಲ ನೋಡುವವರು.

“ಈ ಪುಟ್ಟ ಗಂಟು ನಿನ್ನೆ ಬಾಗಿಲ ಕಡೆ ಇತ್ತಲ್ವಾ?” ಎಂದರು. “ಇವತ್ತು ಕಿಟಕಿ ಕಡೆ ಹೆಂಗೆ ಬಂತು?”

ಗಂಟನ್ನು ಸವರಿ ನೋಡಿದೆ. ಮೊದಲೇ ಮೆತ್ತಗಿದ್ದ ತೋಳನ್ನೇ ಕೆರೆದು, ಅದಲು ಬದಲಾಗಿ ಬಿಗಿದಿದ್ದೆ. ಕೆರೆದ ಮರ ವಾಪಸ್ಸು ಅಂಟುವುದಿಲ್ಲ. ಉಳಿದ ದಾರಿ ಒಂದೇ, ಸೆಟೆದದ್ದನ್ನೂ ಇದರ ಸಮಕ್ಕೆ ಇಳಿಸುವುದು. ಮೂರು ದಿನ ಬಾಯಿಗೆ ಬೀಗ ಹಾಕಿಕೊಂಡು, ಸ್ವಲ್ಪ ಕೆರೆದು, ಸ್ವಲ್ಪ ಎಳೆದು, ದೂರ ನಿಂತು ನೋಡಿ ಇಳಿಸಿದೆ. ಕೊನೆಗೆ ಎರಡೂ ಒಂದೇ ಸಮ ಬಾಗಿದವು. ನೋಡಲು ಎಷ್ಟು ಚಂದವೆಂದರೆ ಅಳು ಬಂತು. ತಕ್ಕಡಿ ಇಪ್ಪತ್ತನಾಲ್ಕು ತೋರಿಸಿತು.

“ಮೂವತ್ತು ಅಂತ ಬರೆದ್ಬಿಡು,” ಎಂದರು ಭಾವ. “ಅವಳ ಹತ್ರ ತಕ್ಕಡಿ ಎಲ್ಲಿದೆ?”

ಅಷ್ಟು ಒಣಗಿದ ಹಲಗೆ ನನ್ನಲ್ಲಿ ಇನ್ನೊಂದಿರಲಿಲ್ಲ. ಬರೆದೆ, ಅದೂ ಪೆನ್ಸಿಲಿನಲ್ಲಿ.

ಭಾನುವಾರ ಮೈದಾನದಲ್ಲಿ ಅಕ್ಕ ಆ ಅಂಕಿಯನ್ನು ನೋಡಿ ಬಿಲ್ಲನ್ನು ನನ್ನತ್ತ ಚಾಚಿದಳು. ಹೆದೆ ಏರಿಸಿಕೊಟ್ಟೆ. ಬಾಣ ಹೂಡಿ ಎಳೆದಳು. ಅರ್ಧಕ್ಕೆ ನಿಂತಳು. ಅವಳ ಮುಖದಲ್ಲಿ ಹೆದರಿಕೆ ಕಂಡೆ. ಅಕ್ಕ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಮೊಣಕೈ ನಿಧಾನಕ್ಕೆ ಹಿಂದೆ ಸರಿಯಿತು. ಹೆದೆ ಕೆನ್ನೆ ಮುಟ್ಟಿತು. ಬಾಣ ಗುರಿಗೆಂದು ಇಟ್ಟಿದ್ದ ಹುಲ್ಲಿನ ಪಿಂಡಿಯ ಬುಡಕ್ಕೆ ಬಡಿಯಿತು. ಇನ್ನೊಂದು ಬಿಟ್ಟಳು, ಮತ್ತೂ ಒಂದು. ಮೂರನೆಯದು ನಡುಮಧ್ಯಕ್ಕಿಂತ ಗೇಣು ಕೆಳಗಿತ್ತು.

“ಎಷ್ಟಿದು, ನಿಜ ಹೇಳು,” ಎಂದಳು.

“ಬರೆದಿದೆಯಲ್ಲ.”

“ಬರೆದಿರೋದು ಸುಳ್ಳು. ಮೂವತ್ತು ಹೆಂಗಿರುತ್ತೆ ನಂಗೆ ಗೊತ್ತು ಕಣೇ. ಹೋದ ತಿಂಗಳು ಇಲ್ಲೇ ಒಬ್ಬರ ಬಿಲ್ಲು ಇಸ್ಕೊಂಡು ಎಳೆದಿದ್ದೆ. ಅರ್ಧಕ್ಕೇ ಕಣ್ಣಲ್ಲಿ ನೀರು ಬಂತು.”

“ಮತ್ತೆ ಯಾಕೆ ಮೂವತ್ತೇ ಬೇಕು ಅಂದೆ?”

“ನಿನ್ನ ತೋಳಲ್ಲೂ ಆಗ್ಲಿಲ್ಲ ಅಂದ್ರೆ ನೆಮ್ಮದಿಯಾಗಿ ಬಿಟ್ಟುಬಿಡೋಣ ಅಂತಿದ್ದೆ.”

ನನಗೆ ಕೋಪ ಬಂತು, ದುಃಖವೂ ಬಂತು. ಯಾವುದನ್ನು ಮೊದಲು ಮಾಡಲಿ ಎಂದು ತಿಳಿಯದೆ ನಡೆದದ್ದೆಲ್ಲ ಒದರಿಬಿಟ್ಟೆ. ಗುರುತು ಅಳಿಸಿದ್ದು, ತಪ್ಪು ತೋಳು ಕೆರೆದದ್ದು, ಇಪ್ಪತ್ತನಾಲ್ಕಕ್ಕೆ ಬಿದ್ದದ್ದು. ಅಕ್ಕ ಕೇಳುತ್ತ ಕೇಳುತ್ತ ನಗಲು ಶುರು ಮಾಡಿದಳು. ಹೊಟ್ಟೆ ಹಿಡಿದುಕೊಂಡು ಹುಲ್ಲಿನ ಮೇಲೆ ಕೂತಳು.

“ಪೆನ್ಸಿಲ್ ಕೊಡಿಲ್ಲಿ.”

ನನ್ನ ಕಿವಿಯ ಮೇಲಿದ್ದುದನ್ನು ತಾನೇ ಕಿತ್ತುಕೊಂಡಳು. ಹೆಬ್ಬೆರಳಿನಿಂದ ಮೂವತ್ತನ್ನು ಉಜ್ಜಿ, ಬಲಗೈಯಲ್ಲೇ ದಪ್ಪವಾಗಿ 24 ಎಂದು ಬರೆದಳು.

“ಇದನ್ನ ಅಳಿಸಿದ್ರೆ ನೋಡು ಮತ್ತೆ. ಹಿಡಿ ಹೆಂಗೂ ಇದೇ ಇರುತ್ತೆ, ತೋಳು ತಾನೇ ಬದಲಾಗೋದು. ಒಣ ಹಲಗೆ ಹುಡುಕು. ಮುಂದಿನ ಜೋಡಿ ಇಪ್ಪತ್ತಾರು, ನಿಜವಾದ ಇಪ್ಪತ್ತಾರು.”