ದೊಡ್ಡಮ್ಮ ಹೊಲಿದ ಬ್ಯಾಗು

ಹೊಟ್ಟೆಕಿಚ್ಚು ಎಂದರೇನು ಎಂದು ಅಕ್ಕನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತಂಗಿಯ ಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ ಹೊಸ ಬ್ಯಾಗೊಂದು ನೇತಾಡುತ್ತಿತ್ತು. ಆರು ತಿಂಗಳ ಮಗಳ ಡೈಪರು, ಹಾಲಿನ ಬಾಟಲಿ, ಒರೆಸುವ ಬಟ್ಟೆ, ಎಲ್ಲ ಅದರೊಳಗೆ. ಅಕ್ಕ ವಾರವಿಡೀ ಕೂತು ಹೊಲಿದು ಕೊಟ್ಟ ಬ್ಯಾಗು ಮಾತ್ರ ಬಾಲ್ಕನಿಯಲ್ಲಿ, ನೆಲ ಒರೆಸುವ ಕೋಲಿನ ಪಕ್ಕದಲ್ಲಿ ಬಿದ್ದಿತ್ತು.

"ಇದನ್ನ ಯಾರು ತಂದಿದ್ದು?"

"ನಮ್ಮ ನಾದಿನಿ," ಎಂದಳು ತಂಗಿ, ಬೇರೆ ಕಡೆ ನೋಡುತ್ತ. "ಮಗೂಗೆ ಏನೂ ಆಗದಿರೋ ಹತ್ತಿ ಬಟ್ಟೆಯಂತೆ ಅಕ್ಕಾ, ಚೀಟೀಲಿ ಬರೆದಿದೆ. ನಾಲ್ಕು ಅಂಗಡಿ ಸುತ್ತಿ ಆರಿಸಿದ್ಲಂತೆ."

ಸುತ್ತದೆ ಇರುತ್ತಾಳೆಯೇ! ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಚೀಟಿ ಓದದೆ ನೀರನ್ನೂ ಕುಡಿಯುವವಳಲ್ಲ. ಅಕ್ಕ ಅವಳಿಗೆ ಮನಸ್ಸಿನಲ್ಲೇ ಲೇಬಲ್ ರಾಣಿ ಎಂದು ಹೆಸರಿಟ್ಟು ವರ್ಷ ಕಳೆದಿತ್ತು. ಮಗು ಹುಟ್ಟಿದ ದಿನ ಮೊದಲು ಎತ್ತಿಕೊಂಡವಳೂ ಅವಳೇ. ಮಗು ನಕ್ಕರೆ ಮನೆಯವರೆಲ್ಲ "ಥೇಟ್ ಸೋದರತ್ತೆ ನಗು" ಅನ್ನುತ್ತಿದ್ದರು. ಇನ್ನು ಅಕ್ಕನ ಪಾಲಿಗೆ ಉಳಿದದ್ದೇನು? ಹನ್ನೆರಡು ವರ್ಷದಿಂದ ಬ್ಯಾಗು ಹೊಲಿದು ಪಳಗಿದ ಕೈ ಒಂದೇ. ಮಗು ಹೋದಲ್ಲೆಲ್ಲ ದೊಡ್ಡಮ್ಮನ ಬ್ಯಾಗೂ ಹೋಗಬೇಕು ಎಂಬ ಆಸೆ ಇತ್ತು. ಅದಕ್ಕೂ ಕಲ್ಲು ಹಾಕಿದಳಲ್ಲ ಪುಣ್ಯಾತ್ಗಿತ್ತಿ!

ಅಕ್ಕ ಕೆಲಸ ಮಾಡುವ ಜಾಗದಲ್ಲಿ ಆರು ಮಷೀನು, ಒಂದೇ ಕಿಟಕಿ, ಗೋಡೆಗೆ ಒರಗಿಸಿದ ರೆಕ್ಸಿನ್ ಸುರುಳಿಗಳು. ಅದರಲ್ಲೇ ಹೊಳೆಯುವ ಒಳ್ಳೇ ತುಂಡೊಂದನ್ನು ಯಜಮಾನರಿಂದ ಕೇಳಿ ತಂದು, ಒದ್ದೆ ಇಳಿಯದಿರಲಿ ಎಂದು ಬ್ಯಾಗಿನ ಒಳಗೆ ಅಸ್ತರು ಕೊಟ್ಟು, ಹೆಗಲ ಪಟ್ಟಿಯನ್ನೂ ಅದರಲ್ಲೇ ಹೊಲಿದಿದ್ದಳು. ಬಾಟಲಿ ವಾಲದ ಹಾಗೆ ಎಲಾಸ್ಟಿಕ್ ಜೇಬು ಇಟ್ಟಿದ್ದಳು. ಅಂಗಡಿ ಮಾಲಿನಲ್ಲಿ ಅಂಥದ್ದು ಎಲ್ಲಿ ಸಿಗಬೇಕು?

ಅಷ್ಟರಲ್ಲಿ ಲೇಬಲ್ ರಾಣಿಯ ಸವಾರಿಯೂ ಬಂತು. ಬಂದವಳೇ ಕೈ ತೊಳೆದು ಮಗುವನ್ನು ಎತ್ತಿಕೊಂಡಳು. ಮಗು ಕಿಸಕ್ಕನೆ ನಕ್ಕಿತು. ಅಕ್ಕನಿಗೆ ತಡೆಯಲಾಗಲಿಲ್ಲ.

"ಚೀಟೀಲಿ ಯಾರು ಏನು ಬೇಕಾದ್ರೂ ಬರೀತಾರೆ. ನಮ್ಮಲ್ಲಿ ಹೊಸ ಮಾಲು ಬಂದ್ರೆ ಎಳೆ ಕಿತ್ತು ಸುಟ್ಟು ನೋಡ್ತೀವಿ. ಹತ್ತಿ ಆದ್ರೆ ಬೂದಿ ಆಗುತ್ತೆ. ಪ್ಲಾಸ್ಟಿಕ್ ಆದ್ರೆ ಕರಗಿ ಗಂಟಾಗುತ್ತೆ. ಈಗ್ಲೇ ನೋಡೋಣ್ವಾ?"

"ನೋಡಿ ಅಕ್ಕಾ, ನನಗೂ ಗೊತ್ತಾಗುತ್ತೆ," ಎಂದಳು ನಾದಿನಿ.

ತಂಗಿ ಮಗುವನ್ನು ಕೋಣೆಯಲ್ಲಿ ಮಲಗಿಸಿ ಬಾಗಿಲು ಹಾಕಿಕೊಂಡು ಬಂದಳು. ಅಕ್ಕ ಹೊಸ ಬ್ಯಾಗಿನ ಒಳಹೊಲಿಗೆಯ ಅಂಚಿನ ಬಟ್ಟೆಯಿಂದ ಎರಡು ಎಳೆ ಕಿತ್ತು, ಸ್ಟೀಲ್ ತಟ್ಟೆಯ ಮೇಲೆ ಹಿಡಿದು ಕಡ್ಡಿ ಗೀರಿದಳು. ಕರಗು, ಕರಗು ಎಂದು ಒಳಗೊಳಗೇ ಬೇಡಿಕೊಂಡಳು. ಎಳೆ ಕಾಗದ ಸುಟ್ಟ ವಾಸನೆ ಕೊಟ್ಟು ಬೂದಿಯಾಗಿ ಉದುರಿತು. ಅಪ್ಪಟ ಹತ್ತಿ.

"ನಿಮ್ಮದನ್ನೂ ನೋಡೋಣ್ವಾ?" ಎಂದು ನಾದಿನಿ ಮೆಲ್ಲಗೆ ಕೇಳಿದಳು.

"ಧಾರಾಳವಾಗಿ! ರೆಕ್ಸಿನ್ ಕರಗೋದೇ, ಒದ್ದೆ ಇಳೀಬಾರ್ದಲ್ಲ."

ಅಕ್ಕ ಬಾಲ್ಕನಿಯಿಂದ ತನ್ನ ಬ್ಯಾಗು ತಂದು, ಅಸ್ತರಿನ ಅಂಚಿನಿಂದ ಕಡ್ಡಿಯಷ್ಟು ಅಗಲ ಕತ್ತರಿಸಿ ಅದಕ್ಕೂ ಬೆಂಕಿ ತಾಗಿಸಿದಳು. ಅದು ಮುದುರಿತು, ಕಪ್ಪು ಹೊಗೆ ಬಿಟ್ಟಿತು, ತೊಟ್ಟಾಗಿ ತಟ್ಟೆಗೆ ಬಿತ್ತು. ತಂಗಿ ಕೆಮ್ಮುತ್ತ ಓಡಿ ಕಿಟಕಿ ತೆಗೆದಳು. ನಾದಿನಿ ಮೂಗಿಗೆ ಬಟ್ಟೆ ಹಿಡಿದಳು. ಅಕ್ಕ ಒಬ್ಬಳೇ ಅಲ್ಲಾಡದೆ ಕೂತಿದ್ದಳು.

"ಇಷ್ಟಕ್ಕೆಲ್ಲ ಮೂಗು ಮುಚ್ಚಬೇಕಾ?"

ಇಬ್ಬರೂ ಅವಳ ಮುಖ ನೋಡಿದರು. ಕೊನೆಗೆ ತಂಗಿಯೇ ಬಾಯಿ ಬಿಟ್ಟಳು. "ಅಕ್ಕಾ, ಸುಡದೇ ಇದ್ರೂ ಅದು ನಾರುತ್ತೆ. ನೀನು ತಂದ ದಿನದಿಂದ್ಲೂ. ಬಿಸಿಲಿಗೆ ಹೋಗುತ್ತೇನೋ ಅಂತ ಹೊರಗಿಟ್ಟೆ. ಮಗೂಗೆ ಬ್ಯಾಗಿನ ಪಟ್ಟಿ ಸಿಕ್ಕಿದ್ರೆ ಬಾಯಿಗೆ ಹಾಕ್ಕೊಳ್ಳೋ ಚಟ ಬೇರೆ. ನಿನಗೆ ಹೇಳೋಕೆ ಬಾಯಿ ಬರಲಿಲ್ಲ."

ಅಕ್ಕ ಬ್ಯಾಗನ್ನು ತೆರೆದು ಒಳಗೆ ಮುಖ ಹುದುಗಿಸಿ ಉಸಿರೆಳೆದುಕೊಂಡಳು. ಏನೂ ಇಲ್ಲ. ಮತ್ತೆ ಎಳೆದಳು. ಏನೂ ಇಲ್ಲ. ಹನ್ನೆರಡು ವರ್ಷ ಅದೇ ಗಾಳಿ ಕುಡಿದ ಮೂಗಿಗೆ ಅದು ವಾಸನೆಯೇ ಆಗಿರಲಿಲ್ಲ. ಅವಳಿಗೆ ಹೆದರಿಕೆಯಾಯಿತು. ನಾದಿನಿ ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು. ಅವಳು ನಗಲಿಲ್ಲ.

"ಜೇಬು ಮಾತ್ರ ನಿಮ್ಮದೇ ಚೆನ್ನ ಅಕ್ಕಾ. ನಾನು ತಂದಿದ್ರಲ್ಲಿ ಬಾಟ್ಲಿ ಉರುಳಿ ಉರುಳಿ ಬೀಳುತ್ತೆ."

ಆ ಒಳ್ಳೆಯ ಮಾತಂತೂ ಮೆಣಸಿನಕಾಯಿ ಅರೆದು ಹಚ್ಚಿದ ಹಾಗಾಯಿತು. ಬ್ಯಾಗನ್ನು ಕಂಕುಳಲ್ಲಿ ಇರುಕಿಕೊಂಡು ಅಕ್ಕ ಮನೆಗೆ ಹೋದಳು.

ಮುಂದಿನ ಭಾನುವಾರ ಅವಳು ಮತ್ತೆ ಬಂದಳು. ಅಸ್ತರು, ಪಟ್ಟಿ ಎರಡನ್ನೂ ಬಿಚ್ಚಿ ಎಸೆದಿದ್ದಳು. ಹಳೇ ಹತ್ತಿ ಹಾಸಿಗೆ ಬಟ್ಟೆಯನ್ನು ಎರಡು ಸಲ ಒಗೆದು, ಒಣಗಿಸಿ, ಅಸ್ತರಿಗೂ ಪಟ್ಟಿಗೂ ಎರಡು ಪದರ ಮಾಡಿ ಹೊಲಿದಿದ್ದಳು. ಒದ್ದೆಯಾದರೆ ತೆಗೆದು ಒಗೆಯಲಿ ಎಂದು ಗುಂಡಿ ಇಟ್ಟಿದ್ದಳು. ಎಳೆಯನ್ನೂ ಸುಟ್ಟು ನೋಡಿದ್ದಳು. ಆದರೆ ವಾಸನೆ? ಅದನ್ನು ಯಾರನ್ನು ಕೇಳುವುದು? ತಂಗಿ ಕೈ ಚಾಚಿದಳು. ಅಕ್ಕ ಕೊಡಲಿಲ್ಲ. ತಂಗಿ ಪ್ರೀತಿಗೆ ಸುಳ್ಳು ಹೇಳುತ್ತಾಳೆ. ಈ ಮನೆಯಲ್ಲಿ ಸುಳ್ಳು ಹೇಳದವಳು ಒಬ್ಬಳೇ.

ಅವಳು ಮೂಲೆಯಲ್ಲಿ ಮಗುವನ್ನು ತೊಡೆಯ ಮೇಲೆ ಆಡಿಸುತ್ತಿದ್ದಳು.

"ನನ್ನ ಮೂಗು ಕೆಟ್ಟಿದೆ," ಎಂದು ಅಕ್ಕ ಬ್ಯಾಗು ಚಾಚಿದಳು. "ನೀನು ಮೂಸಿ ಹೇಳು."

ನಾದಿನಿ ಮಗುವನ್ನು ಅವಳ ಕೈಗೆ ಕೊಟ್ಟು, ಬ್ಯಾಗಿನೊಳಗೆ ಮುಖವಿಟ್ಟಳು. ಜೇಬು ಜೇಬಿಗೂ ಮೂಗು ತೂರಿಸಿದಳು.

"ಏನೂ ಇಲ್ಲ ಅಕ್ಕಾ. ಒಗೆದ ಬಟ್ಟೆ ವಾಸನೆ ಅಷ್ಟೆ."

ಈ ಮಾತನ್ನು ಇವಳ ಬಾಯಿಂದಲೇ ಕೇಳಬೇಕಾಯಿತಲ್ಲ ಎಂದು ಅಕ್ಕನ ಹೊಟ್ಟೆ ಧಗಧಗ ಉರಿಯಿತು. ಮಗು ಅವಳ ಕೊರಳಿಗೆ ಮುಖ ಒತ್ತಿಕೊಂಡಿತ್ತು. ಅದನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡು ಅವಳು ಹೇಳಿದಳು:

"ಪಟ್ಟೀನೂ ನೋಡು. ಸರಿಯಾಗಿ ನೋಡು."